ಗಂಟು ಬಿಚ್ಚುವ ಮುನ್ನ: ಕಡತವನ್ನು ಕಂಪ್ಯೂಟರಿಗೆ ಏರಿಸುವವರಿಗೆ

ಕರ್ಜಗಿಯ ಪಂಚಾಯ್ತಿಯಿರಲಿ, ರಾಣೆಬೆನ್ನೂರಿನ ಸೊಸೈಟಿಯಿರಲಿ, ಬ್ಯಾಡಗಿಯ ದಲಾಲಿ ಅಂಗಡಿಯಿರಲಿ, ಕೆಂಪು ಬಟ್ಟೆಯ ಗಂಟು ನಿಮ್ಮ ಟೇಬಲ್ಲಿಗೆ ಬಂತೆಂದರೆ ಇಷ್ಟು ಮಾಡಿ.

1. ಮೊದಲು ಓದಿ, ಆಮೇಲೆ ಟೈಪಿಸಿ. ‘ಭೂಮಿ’ ಯೋಜನೆಯಲ್ಲಿ 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಕೈಬರಹದಲ್ಲಿದ್ದ ತಪ್ಪುಗಳೂ ಜೊತೆಗೇ ಸೇರಿದವು. ಉತಾರದ (ಪಹಣಿಯ) 9ನೇ ಕಾಲಮ್ಮಿನಲ್ಲಿ ಬಸಪ್ಪ, ಆಧಾರ್‌ನಲ್ಲಿ ಬಸವಣ್ಣೆಪ್ಪ ಎಂದಿದ್ದರೆ ಬೆಳೆ ಪರಿಹಾರಕ್ಕೆ ಅಲೆಯುವವನು ರೈತ, ನೀವಲ್ಲ.

2. ಎಕ್ಸೆಲ್ ಅನ್ನು ನಂಬಬೇಡಿ. ಸರ್ವೆ ನಂಬರ್ 12/3 ಎಂದು ಹೊಡೆದರೆ ಅದನ್ನು ತಾರೀಖು ಮಾಡಿಬಿಡುತ್ತದೆ. ಆ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಡಿ. ಇದಕ್ಕಿಂತ ದೊಡ್ಡ ಗುಂಡಿ ಗುಂಟೆಯದು. 2 ಎಕರೆ 20 ಗುಂಟೆಯನ್ನು 2.20 ಎಂದೂ, 1 ಎಕರೆ 30 ಗುಂಟೆಯನ್ನು 1.30 ಎಂದೂ ಬರೆದು ಕೂಡಿಸಿದರೆ 3.50 ಬರುತ್ತದೆ. ಎಕರೆಗೆ 40 ಗುಂಟೆಯಲ್ಲವೇ, ನಿಜವಾದ ಮೊತ್ತ 4 ಎಕರೆ 10 ಗುಂಟೆ. ಎಕರೆಗೊಂದು, ಗುಂಟೆಗೊಂದು ಬೇರೆ ಕಾಲಮ್ ಇಡಿ. ವಾಟ್ನಿ (ಆಸ್ತಿ ಪಾಲು) ಜಗಳಕ್ಕೆ ಮೊದಲೇ ಕಾರಣ ಕಡಿಮೆಯಿಲ್ಲ, ನೀವೊಂದು ಸೇರಿಸುವುದು ಬೇಡ.

3. ಫೈಲಿಗೆ ಹೆಸರಿಡಿ. ‘ಸ್ಕ್ಯಾನ್001’ ಹೆಸರಲ್ಲ. ಊರು, ಸರ್ವೆ ನಂಬರ್, ವರ್ಷ, ತಂದೆಯ ಹೆಸರು, ಅಡ್ಡಹೆಸರು, ಎಲ್ಲವೂ ಇರಲಿ. ಒಂದೇ ಓಣಿಯಲ್ಲಿ ನಾಲ್ವರು ಫಕ್ಕೀರಪ್ಪ ಇರುವ ಸೀಮೆಯಿದು.

4. ಹಳೆಯದನ್ನು ತಿದ್ದಬೇಡಿ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದದಲ್ಲಿ ‘ಧಾರವಾಡ ಜಿಲ್ಲೆ’ ಎಂದಿದ್ದರೆ ಹಾಗೆಯೇ ಇರಲಿ. ಮುಂಬಯಿ ಸರ್ಕಾರದ ಕಾಲದಲ್ಲಿ ತಾಲ್ಲೂಕಿಗೇ ಕರ್ಜಗಿಯ ಹೆಸರಿತ್ತು, ಆಗಿನ ಕಾಗದ ಸಿಕ್ಕರೆ ಗಾಬರಿಯಾಗಬೇಡಿ. ಈಗಿನ ಹೆಸರಿಗೆ ಪಕ್ಕದಲ್ಲಿ ಬೇರೆ ಕಾಲಮ್ ಮಾಡಿ. ಮೋಡಿ ಲಿಪಿಯ ಹಾಳೆ ಸಿಕ್ಕರೆ ಓದುವವರಿಗಾಗಿ ಕಾಯದೆ ಇವತ್ತೇ ಸ್ಕ್ಯಾನ್ ಮಾಡಿ.

5. ಪಾಸ್‌ವರ್ಡ್ ನಿಮ್ಮದೇ ಇರಲಿ. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗುವ ಏರ್ಪಾಡು ಮಾಡಿದ್ದು ಸುಮ್ಮನೆ ಅಲ್ಲ, ಯಾರು ಬದಲಿಸಿದರು ಎಂದು ಮುಂದೆ ಕೇಳುವವರಿದ್ದಾರೆ.

6. ಬೋಜಾ (ಜಮೀನಿನ ಮೇಲಿನ ಸಾಲದ ಭಾರ) ನೋಡಿ. ಸಾಲ ತೀರಿದರೂ ಉತಾರದ 11ನೇ ಕಾಲಮ್ಮಿನಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಕಂಡರೆ ರೈತನಿಗೆ ಹೇಳಿ.

7. ನಕಲನ್ನು ಬೇರೆ ಕಟ್ಟಡದಲ್ಲಿಡಿ. ಮೂಲ ಕಾಗದವನ್ನು ಮೇಲಿನವರ ಲಿಖಿತ ಆದೇಶವಿಲ್ಲದೆ ರದ್ದಿಗೆ ಹಾಕಬೇಡಿ, ಕಪಾಟು ಎಷ್ಟೇ ತುಂಬಿರಲಿ.