ದವಾಖಾನೆ ಖರ್ಚು, ವಿಮೆ ಕಂತು ಮತ್ತು ಆದಾಯ ತೆರಿಗೆ



ದವಾಖಾನೆಯ ಚೀಟಿಗಳನ್ನು ಕೂಡಿಟ್ಟರೆ ತೆರಿಗೆಯಲ್ಲಿ ರೊಕ್ಕ ವಾಪಸ್ ಬರುತ್ತದೆ ಎಂಬ ಮಾತು ನಮ್ಮ ಸಂಘಗಳಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಸತ್ಯ ಅರ್ಧ ಮಾತ್ರ.

ಹೊಲದ ಬೆಳೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಲಿನ ಆದಾಯ ಹಾಗಲ್ಲ. ಕಾಯ್ದೆ ಅದನ್ನು ವ್ಯವಹಾರದ ಆದಾಯವೆಂದೇ ಎಣಿಸುತ್ತದೆ. ಆದರೂ ಎರಡು ಮೂರು ಎಮ್ಮೆ ಕಟ್ಟಿದವರ ಬಟವಾಡೆಯಲ್ಲಿ ಹಿಂಡಿ, ಮೇವಿನ ಖರ್ಚು ಕಳೆದರೆ ತೆರಿಗೆಯ ಮಿತಿ ಮುಟ್ಟುವುದು ಅಪರೂಪ. ತೆರಿಗೆಯೇ ಇಲ್ಲದವರಿಗೆ ಅದರಲ್ಲಿ ರಿಯಾಯಿತಿಯ ಪ್ರಶ್ನೆಯೂ ಇಲ್ಲ. ಆದರೆ ತಂದೆ ತಾಯಿ ಹಳ್ಳಿಯಲ್ಲಿ ದನ ನೋಡಿಕೊಂಡು, ಮಗ ಅಥವಾ ಮಗಳು ಹುಬ್ಬಳ್ಳಿ-ಧಾರವಾಡದಲ್ಲಿ ಪಗಾರದ ಮೇಲಿರುವ ಮನೆಗಳು ನಮ್ಮಲ್ಲಿ ಬಹಳ. ಮುಂದಿನ ಲೆಕ್ಕ ಆ ಮಕ್ಕಳಿಗೆ ಸಂಬಂಧಿಸಿದ್ದು.

1961ರ ಕಾಯ್ದೆಯಲ್ಲಿ ಇದು 80ಡಿ ಕಲಮು (2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ). ತನಗೆ, ಹೆಂಡತಿ ಅಥವಾ ಗಂಡನಿಗೆ, ಅವಲಂಬಿತ ಮಕ್ಕಳಿಗೆ ಕಟ್ಟಿದ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ 25,000 ರೂ.ವರೆಗೆ ಆದಾಯದಲ್ಲಿ ಕಳೆಯಬಹುದು. ತಂದೆ ತಾಯಿಗೆ ಕಟ್ಟಿದ್ದಕ್ಕೆ ಪ್ರತ್ಯೇಕವಾಗಿ 25,000. ಅವರಿಗೆ 60 ವರ್ಷ ತುಂಬಿದ್ದರೆ 50,000 ರೂ. ಅತ್ತೆ ಮಾವನವರಿಗೆ, ಅಣ್ಣ ತಮ್ಮಂದಿರಿಗೆ ಕಟ್ಟಿದ್ದು ಲೆಕ್ಕಕ್ಕೆ ಬಾರದು. ಕಂತನ್ನು ನಗದಾಗಿ ಕಟ್ಟಿದರೆ ರಿಯಾಯಿತಿ ಇಲ್ಲ; ಬ್ಯಾಂಕಿನ ಮೂಲಕವೇ ಕಟ್ಟಬೇಕು.

ಔಷಧ ಅಂಗಡಿಯ ಚೀಟಿಯ ಮಾತಿಗೆ ಬರೋಣ. 60 ತುಂಬಿ, ಆರೋಗ್ಯ ವಿಮೆ ಇಲ್ಲದ ತಂದೆ ತಾಯಿಯ ಚಿಕಿತ್ಸೆಗೆ ಮಾಡಿದ ಖರ್ಚನ್ನು ಅದೇ 50,000 ರೂ. ಮಿತಿಯೊಳಗೆ ತೋರಿಸಬಹುದು. ಇದಕ್ಕೂ ನಗದು ನಡೆಯದು. ಅದಕ್ಕಿಂತ ಚಿಕ್ಕ ವಯಸ್ಸಿನವರ ದವಾಖಾನೆ ಖರ್ಚಿಗೆ ಈ ಕಲಮು ಅನ್ವಯಿಸುವುದಿಲ್ಲ.

ಮಗ ತನ್ನ ಕುಟುಂಬಕ್ಕೆ 14,000, ಅರವತ್ತು ದಾಟಿದ ತಂದೆ ತಾಯಿಗೆ 32,000 ರೂ. ಕಂತು ಕಟ್ಟಿದನೆನ್ನಿ. 46,000 ರೂ. ಅವನ ಆದಾಯದಲ್ಲಿ ಕಳೆಯುತ್ತದೆ. ಶೇ. 30ರ ದರದಲ್ಲಿದ್ದರೆ 13,800 ರೂ. ತೆರಿಗೆ, ಅದರ ಮೇಲಿನ ಶೇ. 4ರ ಸೆಸ್ 552, ಒಟ್ಟು 14,352 ರೂ. ಉಳಿತಾಯ. ಕಟ್ಟಿದ ಹಣವೆಲ್ಲ ವಾಪಸ್ ಬರುವುದಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಮುಖ್ಯ ಸಂಗತಿಯನ್ನು ಏಜೆಂಟರು ಸಾಮಾನ್ಯವಾಗಿ ಹೇಳುವುದಿಲ್ಲ. ಈ ರಿಯಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. 2025-26ರಿಂದ ಅದರಲ್ಲಿ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಇಲ್ಲ. ಅಷ್ಟರೊಳಗಿನ ಪಗಾರದವರು ತೆರಿಗೆಯ ಆಸೆಗೆ ವಿಮೆ ಮಾಡಿಸಿದರೆ ಆ ಲಾಭ ಸೊನ್ನೆ. ದವಾಖಾನೆ ಬಿಲ್ಲಿನ ಭಯಕ್ಕೆ ಮಾಡಿಸಿದರೆ ಅದು ಬೇರೆ ಮಾತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯೂ ಹೋಗಿದೆ.

ರಾಸುಗಳ ವಿಮೆಯ ಕಂತನ್ನು ಕೆಲವರು ಇದರಲ್ಲಿ ಸೇರಿಸಲು ಕೇಳುತ್ತಾರೆ. ಅದು ಸೇರದು, ಹಾಲಿನ ವ್ಯವಹಾರದ ಖರ್ಚಿನಲ್ಲಿ ಬರೆದಿಡಿ.

ತೆರಿಗೆಯ ಗೊಡವೆಯೇ ಇಲ್ಲದ ಸದಸ್ಯರಿಗೆ ಹತ್ತಿರವಾದದ್ದು ಯಶಸ್ವಿನಿ. 2003ರ ಜೂನ್‌ನಲ್ಲಿ ಜಾರಿಗೆ ಬಂದು 2018ರಲ್ಲಿ ನಿಂತಿದ್ದ ಈ ಯೋಜನೆ 2023ರ ಜನವರಿ 1ರಿಂದ ಮತ್ತೆ ಶುರುವಾಯಿತು. ಆಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂ. ವಂತಿಗೆ, 5 ಲಕ್ಷ ರೂ.ವರೆಗೆ ಚಿಕಿತ್ಸೆ ಎಂದು ನಿಗದಿಯಾಗಿತ್ತು. ನೋಂದಣಿಗೆ ಅವಧಿ ಗೊತ್ತುಮಾಡಿರುತ್ತಾರೆ. ಆ ದಿನಾಂಕವನ್ನೂ ಈಗಿನ ವಂತಿಗೆಯನ್ನೂ ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿರಿ.