ಯಾವ ತಮಟೆ ತರಲಿ, ಯಾರ ಮಾತು ಕೇಳಲಿ?

ಪ್ರಶ್ನೆ: ನಮ್ಮದು ಚುಂಚನಕಟ್ಟೆ ಪಕ್ಕದ ಹಳ್ಳಿ. ನನಗೆ 24 ವರ್ಷ, ಬಿ.ಕಾಂ. ಆಗಿದೆ. ತಾತನ ಕಾಲದಿಂದ ನಮ್ಮ ಮನೆಯಲ್ಲಿ ತಮಟೆ ಇದೆ. ಈಗ ಅಪ್ಪ ಮೇಳದ ಯಜಮಾನರು, ನಾವು ಎಂಟು ಜನ. ಮದುವೆ, ಗಣೇಶನ ಹಬ್ಬ, ಪಟದ ಕುಣಿತಗಳಲ್ಲಿ ಬಂದ ದುಡ್ಡು ಕೂಡಿಟ್ಟು 30,000 ರೂಪಾಯಿ ಆಗಿದೆ. ಸಂಕ್ರಾಂತಿ ಜಾತ್ರೆಗೆ ಮುಂಚೆ ಹೊಸ ವಾದ್ಯ ತರೋಣ ಎಂದು ಕೂತರೆ ಒಬ್ಬೊಬ್ಬರದು ಒಂದೊಂದು ಮಾತು. ಮೈಸೂರಿನಲ್ಲಿ ಆರ್ಕೆಸ್ಟ್ರಾಗೆ ಡ್ರಮ್ಸ್ ನುಡಿಸುವ ದೊಡ್ಡಪ್ಪನ ಮಗ, ‘ತಮಟೆ ಬಿಡ್ರೋ, ಪರ್ಲ್ ಇಲ್ಲಾ ಯಮಹಾ ತಗೊಳ್ಳಿ, ಜೊತೆಗೊಂದು ರೋಲ್ಯಾಂಡ್ ಪ್ಯಾಡ್ ಇರಲಿ’ ಅನ್ನುತ್ತಾನೆ. ಹುಣಸೂರಿನ ಗೆಳೆಯ, ಎಲ್ಲರೂ ಫೈಬರ್ ತಮಟೆಗೆ ಹೋಗಿದ್ದಾರೆ, ನೀವೂ ಅದನ್ನೇ ತನ್ನಿ ಅನ್ನುತ್ತಾನೆ. ಅದರಲ್ಲೂ ಯಾವ ಕಂಪನಿಯ ಹಾಳೆ ಒಳ್ಳೆಯದು ಎಂದು ಅವರವರಲ್ಲೇ ಜಗಳ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ‘ಪ್ಲಾಸ್ಟಿಕ್ ಬಡಿಯೋಕೆ ನಾನು ಬರಲ್ಲ’ ಎಂದು ಅಪ್ಪ ತಮ್ಮ ತಮಟೆಯನ್ನು ಗೋಡೆಯ ಮೊಳೆಗೆ ನೇತುಹಾಕಿ ಎರಡು ತಿಂಗಳಾಯಿತು. ಎರಡು ಮದುವೆಗೆ ಅವರಿಲ್ಲದೆಯೇ ಹೋದೆವು. ಚರ್ಮದ ತಮಟೆ ಕಷ್ಟ ಸಾರ್, ಇಬ್ಬನಿ ಬಿದ್ದರೆ ಸದ್ದೇ ಇರುವುದಿಲ್ಲ. ಕೆ.ಆರ್. ನಗರದ ಬಸ್ಸಿನಲ್ಲಿ ಹೋಗುವಾಗ ಚೀಲದೊಳಗೆ ಮುಚ್ಚಿಕೊಂಡು ಹೋಗಬೇಕು. ಏನು ಮಾಡಲಿ ಹೇಳಿ.

ಉತ್ತರ: ನಿಮ್ಮೂರ ಪಕ್ಕದ ಚುಂಚನಕಟ್ಟೆಯ ಕೋದಂಡರಾಮನ ಗುಡಿಯಿಂದಲೇ ಶುರು ಮಾಡುತ್ತೇನೆ. ಕಾವೇರಿ ಅಲ್ಲಿ ಕವಲೊಡೆದು ಸುಮಾರು 60 ಅಡಿ ಕೆಳಕ್ಕೆ ಧುಮುಕುತ್ತಾಳೆ. ಹೊಳೆ ತುಂಬಿದ ದಿನಗಳಲ್ಲಿ ಗುಡಿಯ ಅಂಗಳದಲ್ಲಿ ನಿಂತರೆ ಆ ಭೋರ್ಗರೆತ ಎದೆಗೇ ಬಡಿಯುತ್ತದೆ. ಆದರೆ ಗರ್ಭಗುಡಿಯೊಳಗೆ ಹೋದರೆ ನೀರಿನ ಸದ್ದೇ ಕೇಳಿಸದು ಎಂಬ ಮಾತನ್ನು ನೀವು ಚಿಕ್ಕಂದಿನಿಂದ ಕೇಳಿರುತ್ತೀರಿ. ಊರವರು ಅದಕ್ಕೊಂದು ಪುರಾಣದ ಕಥೆ ಹೇಳುತ್ತಾರೆ. ಆ ಕಥೆ ಹಾಗಿರಲಿ. ಅದೇ ಹೊಳೆ, ಅದೇ ನೀರು, ನಾಲ್ಕು ಹೆಜ್ಜೆ ಆಚೀಚೆ ನಿಂತರೆ ಒಬ್ಬನ ಕಿವಿ ತುಂಬುತ್ತದೆ, ಇನ್ನೊಬ್ಬನಿಗೆ ಏನೂ ಇಲ್ಲ. ನಿಮ್ಮ ಮೇಳದ ಜಗಳವೂ ಇಂಥದ್ದೇ ಎಂದು ನನ್ನ ನಂಬಿಕೆ. ಯಾರೂ ಸುಳ್ಳು ಹೇಳುತ್ತಿಲ್ಲ, ಒಬ್ಬೊಬ್ಬರು ಒಂದೊಂದು ಕಡೆ ನಿಂತು ಕೇಳುತ್ತಿದ್ದಾರೆ.

ನಿಮ್ಮ ಅಣ್ಣ ಕೇಳುವುದು ವೇದಿಕೆಯ ಮೇಲೆ ಕೂತು. ಅವನ ಒಂದೊಂದು ಡ್ರಮ್ಮಿಗೂ ಒಂದೊಂದು ಮೈಕು, ಎದುರಿಗೆ ಮಿಕ್ಸರ್ ಹಿಡಿದವನೊಬ್ಬ, ಅವನ ಹಿಂದೆ ದೊಡ್ಡ ದೊಡ್ಡ ಸ್ಪೀಕರ್. ಅಲ್ಲಿ ಅವನು ಹೇಳುವ ಹೆಸರುಗಳು ಸರಿಯೇ. ಆದರೆ ಮದುವಣಗಿತ್ತಿಯ ಮುಂದೆ ನಡೆದುಕೊಂಡು ಹೋಗುತ್ತಾ, ಮೈಕಿಲ್ಲದೆ, ಗದ್ದೆ ಬದುವಿನ ಮೇಲೆ ಆ ಸೆಟ್ಟನ್ನು ಹೊರುವವರು ಯಾರು? ಪಟ ಎತ್ತಿ ಕುಣಿಯುವವನ ಕಾಲಿಗೆ ಸರಿಯಾಗಿ ಹೆಜ್ಜೆ ಹಾಕುತ್ತಾ ಬಡಿಯುವ ವಾದ್ಯ ಅದಲ್ಲ. ಆ ಸಲಹೆಯನ್ನು ಪ್ರೀತಿಯಿಂದ ಪಕ್ಕಕ್ಕಿಡಿ. ಸಾಲ ಮಾಡಿ ಪ್ಯಾಡ್ ತರುವ ಆಲೋಚನೆ ಇದ್ದರೆ ಅದನ್ನೂ ಬಿಡಿ.

ಕಂಪನಿಯ ಹೆಸರಿನ ಬಗ್ಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1964ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಅಮೆರಿಕದ ಟೀವಿಯಲ್ಲಿ ಹಾಡಿತು. ರಿಂಗೊ ಸ್ಟಾರ್ ನುಡಿಸುತ್ತಿದ್ದ ಡ್ರಮ್ಮಿನ ಮೇಲೆ ಲಡ್ವಿಗ್ ಎಂಬ ಹೆಸರು ಕಾಣುತ್ತಿತ್ತು. ಆಮೇಲೆ ಆ ಕಂಪನಿ ಹಗಲು ರಾತ್ರಿ ಡ್ರಮ್ ಮಾಡಿದರೂ ಸಾಲದಷ್ಟು ಬೇಡಿಕೆ ಬಂತು. ಒಳ್ಳೆಯ ವಾದ್ಯವೇ ಅದು, ಅನುಮಾನವಿಲ್ಲ. ಆದರೆ ಕೊಂಡ ಹುಡುಗರಲ್ಲಿ ಹೆಚ್ಚಿನವರು ಅದರ ನಾದವನ್ನು ಎದುರು ನಿಂತು ಕೇಳಿದವರಲ್ಲ, ಹೆಸರನ್ನು ನೋಡಿದವರು. ನೀವು ಈಗ ಫೋನಿನಲ್ಲಿ ಮಾಡುತ್ತಿರುವುದೂ ಹೆಚ್ಚು ಕಡಿಮೆ ಅದೇ. ಫೋನಿನ ಸ್ಪೀಕರ್ ಬೆರಳುಗುರಿನಷ್ಟಿರುತ್ತದೆ. ತಮಟೆಯ ಗುಮ್ಮೆನ್ನುವ ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಅದಕ್ಕಿಲ್ಲ, ಚಟಚಟ ಎನ್ನುವ ಮೇಲಿನ ಸದ್ದು ಮಾತ್ರ ಹೊರಗೆ ಬರುತ್ತದೆ. ಹಾಗಾಗಿ ಫೋನಿನಲ್ಲಿ ಫೈಬರ್ ತಮಟೆ ಯಾವಾಗಲೂ ಗೆಲ್ಲುತ್ತದೆ, ಚರ್ಮದ ತಮಟೆ ಯಾವಾಗಲೂ ಸೋಲುತ್ತದೆ. ಆ ವಿಡಿಯೊಗಳನ್ನು ನೋಡಿ ತೀರ್ಮಾನ ಮಾಡಬೇಡಿ.

ಇನ್ನು ವಾದ್ಯದ ವಿಷಯ. ಚರ್ಮ ನೀರು ಕುಡಿಯುವ ವಸ್ತು. ಇಬ್ಬನಿಯ ಬೆಳಗಿನಲ್ಲಿ ತೇವ ಹೀರಿ ಸಡಿಲವಾಗುತ್ತದೆ, ಬಿಗಿ ಕಳೆದುಕೊಂಡ ಕೂಡಲೇ ಶ್ರುತಿ ಇಳಿಯುತ್ತದೆ. ಫೈಬರ್ ಎಂದು ನೀವು ಕರೆಯುವುದು ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆ. ಅದು ತೇವ ಹೀರುವುದಿಲ್ಲ, ನಟ್ಟು ಬಿಗಿದರೆ ಬಿಗಿದಂತೆಯೇ ಇರುತ್ತದೆ. ತೆಳುವಾಗಿ ಹಗುರವಾಗಿರುವುದರಿಂದ ಶ್ರುತಿ ಮೇಲಕ್ಕೆ ಹೋಗುತ್ತದೆ. ಕೋಲು ಬೇಗ ಪುಟಿಯುವುದರಿಂದ ಹೊಸಬರ ಕೈಗೂ ಉರುಳಿಕೆ ಸಲೀಸು. ನಿಮ್ಮ ಹುಣಸೂರಿನ ಗೆಳೆಯ ಹೇಳುವುದರಲ್ಲಿ ತಪ್ಪಿಲ್ಲ. ಮಳೆಗಾಲದ ಗಣೇಶನ ಮೆರವಣಿಗೆಯಲ್ಲಿ ಚರ್ಮ ನೆಚ್ಚಿಕೊಂಡು ಹೋದವರ ಪಾಡು ನಾನೂ ನೋಡಿದ್ದೇನೆ. ಚರ್ಮ ಕಾಯಿಸಲು ಬೀದಿ ದೀಪದ ಕೆಳಗೆ ಹಳೇ ಪೇಪರ್ ಸುಟ್ಟು ಸುಟ್ಟು ಸಾಕಾಗಿ, ಕಡೆಗೆ ನಗಾರಿಯೊಂದರಲ್ಲೇ ಮೆರವಣಿಗೆ ಮುಗಿಸಿದರು.

ಆದರೆ ಈ ಪ್ಲಾಸ್ಟಿಕ್ ಹಾಳೆಯ ಕಥೆಯಲ್ಲಿ ನಿಮ್ಮ ಅಪ್ಪನಿಗೆ ತಲುಪಿಸಬೇಕಾದ ಒಂದು ತಿರುವಿದೆ. ಅಮೆರಿಕದ ಡ್ರಮ್ಮರುಗಳೂ 1950ರ ದಶಕದವರೆಗೆ ಕರುವಿನ ಚರ್ಮವನ್ನೇ ನುಡಿಸುತ್ತಿದ್ದರು, ನಿಮ್ಮ ಹಾಗೆಯೇ ಹವೆಯ ಜೊತೆ ಗುದ್ದಾಡುತ್ತಿದ್ದರು. ಸ್ವತಃ ಡ್ರಮ್ಮರ್ ಆಗಿದ್ದ ರೆಮೊ ಬೆಲ್ಲಿ ಎಂಬಾತ 1957ರಲ್ಲಿ ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆ ಮಾರಲು ಕಂಪನಿ ಕಟ್ಟಿದ. ಚರ್ಮದ ಕಾಲ ಮುಗಿಯಿತು ಎಂದರು. ಮುಂದೆ ಅದೇ ಕಂಪನಿ ಫೈಬರ್‌ಸ್ಕಿನ್ ಎಂಬ ಹಾಳೆ ತಂದಿತು. ಅದರ ಹೆಗ್ಗಳಿಕೆ ಏನು ಗೊತ್ತೇ? ನೋಡಲೂ ಕೇಳಲೂ ಕರುವಿನ ಚರ್ಮದ ಹಾಗೆ ಇದೆ ಎಂಬುದು! ಪ್ಲಾಸ್ಟಿಕ್ ಮಾರಿದವರೇ ಚರ್ಮದ ನಾದವನ್ನು ಹುಡುಕಿಕೊಂಡು ವಾಪಸ್ ಬಂದರು. ನಿಮ್ಮ ಅಪ್ಪ ಹಿಡಿದ ಹಟದಲ್ಲಿ ಅಷ್ಟರಮಟ್ಟಿಗೆ ಹುರುಳಿದೆ.

ನಿಮ್ಮ ಅಪ್ಪನ ಹಟಕ್ಕೆ ಇನ್ನೊಂದು ಕಾರಣವೂ ಇರಬಹುದು. ಜೋರು ಸದ್ದಿನ ಪಕ್ಕದಲ್ಲಿ ವರ್ಷಗಟ್ಟಲೆ ಬದುಕಿದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸದ್ದನ್ನು, 4,000 ಹರ್ಟ್ಸ್ ಆಸುಪಾಸಿನದನ್ನು. ವಯಸ್ಸಾಗುವಾಗಲೂ ಹಾಗೆಯೇ, ಮೇಲಿನದು ಮೊದಲು ಹೋಗುತ್ತದೆ. ಫೈಬರ್ ತಮಟೆಯಲ್ಲಿ ನಿಮಗೆ ಮಿಂಚಿನಂತೆ ಕೇಳುವ ಆ ಚಟಕು ನಿಮ್ಮ ಅಪ್ಪನ ಕಿವಿಗೆ ಬೀಳುತ್ತಲೇ ಇಲ್ಲದಿರಬಹುದು. ಅದನ್ನು ಕಳೆದರೆ ಅವರಿಗೆ ಉಳಿಯುವುದು ಡಬ್ಬ ಬಡಿದ ಸದ್ದು. ಚರ್ಮದ ಕೆಳಗಿನ ನಾದ ಮಾತ್ರ ಅವರಿಗೆ ಇಂದಿಗೂ ತುಂಬಿ ಕೇಳುತ್ತದೆ. ನೀವಿಬ್ಬರೂ ಒಂದೇ ಅಂಗಳದಲ್ಲಿ ನಿಂತು ಬೇರೆ ಬೇರೆ ವಾದ್ಯ ಕೇಳುತ್ತಿದ್ದರೆ ಮಾತು ಕೂಡುವುದಾದರೂ ಹೇಗೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕಿವಿ ಪರೀಕ್ಷೆ ಮಾಡುತ್ತಾರೆ. ಅಪ್ಪನೊಬ್ಬರನ್ನೇ ಕರೆದುಕೊಂಡು ಹೋಗಬೇಡಿ, ಅವರಿಗೆ ಬೇಜಾರಾದೀತು. ‘ನಮ್ಮಿಬ್ಬರದೂ ತೋರಿಸೋಣ’ ಎಂದು ಹೇಳಿ ನೀವೂ ಮಾಡಿಸಿಕೊಳ್ಳಿ. ನಿಮಗೂ ಅದು ಬೇಕಾದದ್ದೇ. ಕಿವಿಯ ತಜ್ಞರ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಅಲ್ಲಿಂದ 3 ಡೆಸಿಬಲ್ ಏರಿದ ಹಾಗೆಲ್ಲ ಅವಧಿ ಅರ್ಧವಾಗುತ್ತಾ ಹೋಗಿ, 100 ಡೆಸಿಬಲ್ಲಿಗೆ ಬರುವಾಗ ಬರೀ ಕಾಲು ಗಂಟೆ ಉಳಿಯುತ್ತದೆ. ಎಂಟು ತಮಟೆಗಳ ನಡುವೆ ನಿಂತವನಿಗೆ ಅದು ಯಾವ ಲೆಕ್ಕ! ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ಗನ್ನು ಮೇಳದ ಎಲ್ಲರಿಗೂ ಕೊಡಿಸಿ. ಬರೀ ಹತ್ತಿ ತುರುಕಿಕೊಂಡರೆ ಪ್ರಯೋಜನ ಕಡಿಮೆ.

ಈಗ ನಿಮ್ಮ ಪತ್ರದ ಕೊನೆಯಲ್ಲಿರುವ ಒಂದು ಮಾತಿಗೆ ಬರುತ್ತೇನೆ. ಬಸ್ಸಿನಲ್ಲಿ ಚೀಲದೊಳಗೆ ಮುಚ್ಚಿಕೊಂಡು ಹೋಗಬೇಕು ಎಂದಿರಿ. ಯಾಕೆ ಎಂದು ಬರೆಯಲಿಲ್ಲ. ಬರೆಯದಿದ್ದರೂ ನಮ್ಮ ಸೀಮೆಯವರಿಗೆ ಗೊತ್ತು. ನಿಮ್ಮ ಅಣ್ಣ ಪ್ಯಾಡನ್ನು ಹೆಗಲಿಗೆ ಹಾಕಿಕೊಂಡು ಹೋದರೆ ‘ಏನು ಮ್ಯೂಸಿಕ್ಕಾ?’ ಎಂದು ಕೇಳುತ್ತಾರೆ. ನೀವು ತಮಟೆ ಹಿಡಿದು ಹತ್ತಿದರೆ ಯಾವ ಕೇರಿಯವನು ಎಂದು ಕಣ್ಣಲ್ಲೇ ಅಳೆಯುತ್ತಾರೆ. ಈ ನೋವು ಸಣ್ಣದಲ್ಲ. ಸತ್ತವರ ಮುಂದೆ, ಹಬ್ಬದಲ್ಲಿ ಬಿಟ್ಟಿಯಾಗಿ ಬಡಿಯಬೇಕೆಂಬ ಕಟ್ಟುಪಾಡನ್ನು ಧಿಕ್ಕರಿಸಿ ತಮಟೆಯನ್ನೇ ಕೆಳಗಿಟ್ಟ ಹಿರಿಯರು ಈ ರಾಜ್ಯದಲ್ಲಿ ಎಷ್ಟೋ ಜನ. ಅವರ ನಿರ್ಧಾರಕ್ಕೆ ನಾನು ಕೈ ಮುಗಿಯುತ್ತೇನೆ. ಅದೇ ತಮಟೆಯನ್ನು 1970ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹೋರಾಟದ ಹಾಡುಗಳ ಜೊತೆ ಎದೆಯೆತ್ತಿ ಬಾರಿಸಿದವರೂ ಅದೇ ಜನ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿಯನ್ನು ನೀವೂ ಓದಿರುತ್ತೀರಿ.

ಚರ್ಮ ಮುಟ್ಟುವ ಕೈಯನ್ನು ಕೀಳು ಮಾಡಿದ್ದು ತಮಟೆಯೊಂದರಲ್ಲೇ ಅಲ್ಲ. ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವನ್ನು ಮೃದಂಗ ಮಾಡುವವರ ಬಗ್ಗೆಯೇ ಬರೆದರು. ಪಾಲ್ಘಾಟ್ ಮಣಿ ಅಯ್ಯರ್ ಅವರಂಥ ಮೃದಂಗ ವಿದ್ವಾಂಸರ ನಾದದ ಹಿಂದೆ ಪರ್ಲಾಂಡು ಎಂಬ ದಲಿತ ಕ್ರೈಸ್ತ ಕುಶಲಕರ್ಮಿಯ ಕೈ ಮತ್ತು ಕಿವಿ ಇತ್ತು. ನುಡಿಸಿದವರಿಗೆ ಸಭೆಯಲ್ಲಿ ಶಾಲು ಹೊದಿಸಿದರು, ಚರ್ಮ ಹದ ಮಾಡಿದವರ ಹೆಸರನ್ನು ಯಾರೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಹದ ಮಾಡುವವರೂ ನುಡಿಸುವವರೂ ಒಬ್ಬರೇ. ಅದನ್ನು ಬಿಡುವ ಹಕ್ಕು ನಿಮಗಿದೆ. ಚರ್ಮದ ವಾಸನೆ, ಜನರ ನೋಟ ಇವುಗಳಿಂದ ಪಾರಾಗಲು ಫೈಬರ್ ತರುತ್ತೀರಾದರೂ ನಾನು ತಪ್ಪೆನ್ನುವುದಿಲ್ಲ. ಬೇರೆ ಕೇರಿಯ ಹುಡುಗರೂ ಈಗ ಫೈಬರ್ ತಮಟೆ ಹಿಡಿದು ನಿಲ್ಲುತ್ತಿದ್ದಾರೆ, ಅದು ಒಳ್ಳೆಯದೇ. ಆದರೆ ಹಾಗಿದ್ದರೆ ಅಪ್ಪನ ಮುಂದೆ ಹಾಗೆಂದೇ ಹೇಳಿ. ‘ನಿಮ್ಮ ತಮಟೆಗೆ ಸದ್ದಿಲ್ಲ’ ಎಂದು ಮಾತ್ರ ಹೇಳಬೇಡಿ. ಅವರು ಮುನಿದದ್ದು ಆ ಮಾತಿಗೇ ಇರಬೇಕು.

ಏಕೆಂದರೆ ತಮಟೆಯ ಶ್ರುತಿ ಅವರ ಕೈಯಲ್ಲಿತ್ತು. ಜಾತ್ರೆಯ ಬೆಳಗ್ಗೆ ಹಳ್ಳಿಕಾರ್ ಎತ್ತಿನ ಜೋಡಿಗಳನ್ನು ಸಿಂಗರಿಸಿ ಮೆರವಣಿಗೆಯಲ್ಲಿ ತರುವ ಮುಂಚೆ ತಮಟೆಯವರು ಬಯಲಲ್ಲಿ ಒಂದು ಹಿಡಿ ಹುಲ್ಲು ಹಚ್ಚುತ್ತಾರೆ. ನಾನು ಕಂಡದ್ದು ಹೀಗೆ: ಹಿರಿಯರೊಬ್ಬರು ಕುಕ್ಕರುಗಾಲಿನಲ್ಲಿ ಕೂತು ತಮಟೆಯನ್ನು ಉರಿಯಿಂದ ಗೇಣುದ್ದ ದೂರ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರು. ನಡುನಡುವೆ ಅಂಗೈಯಿಂದ ಸವರಿ ಬಿಸಿ ನೋಡುವರು, ಉಗುರಲ್ಲಿ ಒಂದು ಮೀಟು ಹಾಕುವರು. ದಬ್ ಎನ್ನುತ್ತಿದ್ದದ್ದು ಮೆಲ್ಲಗೆ ಏರಿ ಏರಿ ಟಣ್ ಎಂದಾಗ ತಟ್ಟನೆ ಬೆಂಕಿಯಿಂದ ತೆಗೆದರು. ಇನ್ನೆರಡು ಗಳಿಗೆ ಹೆಚ್ಚಾಗಿದ್ದರೆ ಚರ್ಮ ಸೀಳುತ್ತಿತ್ತು. ಆಮೇಲೆ ಉಳಿದವರೆಲ್ಲ ತಮ್ಮ ತಮಟೆ ತಂದು ಅವರ ಮುಂದೆ ಇಟ್ಟರು. ಎಂಟು ತಮಟೆಯನ್ನೂ ಒಂದು ನಾದಕ್ಕೆ ತಂದದ್ದು ಆ ಒಬ್ಬರ ಕಿವಿ. ನಟ್ಟು ಬಿಗಿಯುವ ತಮಟೆ ಬಂದ ದಿನ ಅಂಥವರಿಗೆ ಕೆಲಸವೇ ಇಲ್ಲದಾಗುತ್ತದೆ. ನಿಮ್ಮ ಅಪ್ಪ ‘ಪ್ಲಾಸ್ಟಿಕ್’ ಎಂದು ಬಯ್ಯುವಾಗ ಆ ಹೆದರಿಕೆಯೂ ಅದರಲ್ಲಿದೆ ಎಂದು ನನಗನ್ನಿಸುತ್ತದೆ.

ಹಾಗಾದರೆ 30,000 ರೂಪಾಯಿಯನ್ನು ಏನು ಮಾಡುವುದು? ಎಂಟನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲು ಹುಣಸೂರಿನ ಗೆಳೆಯನಿಂದ ಎರಡು ಮೂರು ಬೇರೆ ಬೇರೆ ಕಂಪನಿಯ ಫೈಬರ್ ತಮಟೆಗಳನ್ನು ಒಂದು ದಿನಕ್ಕೆ ಕೇಳಿ ತನ್ನಿ. ಜಾತ್ರೆ ನಡೆಯುವ ಬಯಲಿಗೇ ಹೋಗಿ. ಒಬ್ಬನೇ ಹುಡುಗ, ಒಂದೇ ಕೋಲು, ಒಂದೇ ಪೆಟ್ಟಿನ ಗತ್ತು. ಉಳಿದವರು ನೂರು ಹೆಜ್ಜೆ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲಿ, ಯಾವುದು ಯಾವ ಕಂಪನಿಯದು ಎಂದು ಯಾರಿಗೂ ಹೇಳಬೇಡಿ. ನಡುವೆ ಕಾಯಿಸಿದ ಚರ್ಮದ ತಮಟೆಯೂ ಬರಲಿ, ಕಾಯಿಸುವವರು ಅಪ್ಪನೇ ಆಗಿರಲಿ. ಹತ್ತಿರ ನಿಂತಾಗ ಕಿವಿಗೆ ಚುಚ್ಚಿದ್ದು ದೂರಕ್ಕೆ ತೆಳ್ಳಗಾಗಬಹುದು, ಹತ್ತಿರ ಮಂಕಾಗಿ ಕೇಳಿದ್ದು ದೂರಕ್ಕೆ ತುಂಬಿ ಬರಬಹುದು. ಹೊಳೆಯ ಸದ್ದಿನ ಮೇಲೂ ಕೇಳುವುದು ಯಾವುದು ಎಂದು ದಡದ ಹತ್ತಿರ ನಿಂತು ನೋಡಿ. ಮಳೆಗಾಲಕ್ಕೂ ರಾತ್ರಿ ಮೆರವಣಿಗೆಗೂ ಮೂರು ಫೈಬರ್ ಕೊಳ್ಳಿ, ಉಳಿದ ದುಡ್ಡಿನಲ್ಲಿ ಹಳೇ ತಮಟೆಗಳ ಬಳೆ ಸರಿಮಾಡಿಸಿ ಹೊಸ ಚರ್ಮ ಕಟ್ಟಿಸಿ. ಮೇಲಿನ ಸದ್ದಿಗೆ ಫೈಬರ್, ತಳದ ನಾದಕ್ಕೆ ಚರ್ಮ ಮತ್ತು ನಗಾರಿ, ಎರಡೂ ಬೆರೆತ ಮೇಳ ನನ್ನ ಕಿವಿಗಂತೂ ಬಹಳ ಚೆನ್ನ. ಫೈಬರ್ ತಮಟೆಯ ನಟ್ಟು ಬಿಗಿದು ಅವನ್ನು ಚರ್ಮದ ಶ್ರುತಿಗೆ ಹೊಂದಿಸುವ ಕೆಲಸವನ್ನು ಅಪ್ಪನಿಗೇ ಕೊಡಿ. ಸ್ಪ್ಯಾನರ್ ಹಿಡಿದರೂ ಕಿವಿ ಅದೇ ತಾನೆ.

ಸಂಕ್ರಾಂತಿಗೆ ಇನ್ನೂ ದಿನಗಳಿವೆ. ನಾಳೆ ಬೆಳಗ್ಗೆ ಇಬ್ಬನಿ ಆರುವ ಮೊದಲೇ ಎದ್ದು ಮೊಳೆಯಿಂದ ಆ ತಮಟೆ ಇಳಿಸಿ, ದೂಳು ಒರೆಸಿ. ಅಂಗಳದಲ್ಲಿ ಒಂದು ಹಿಡಿ ಒಣಹುಲ್ಲು ಹಾಕಿ, ಬೆಂಕಿಪೊಟ್ಟಣ ಪಕ್ಕದಲ್ಲಿಟ್ಟು, ‘ಅಪ್ಪಾ, ಎಷ್ಟು ದೂರ ಹಿಡೀಬೇಕು ತೋರ್ಸಿ’ ಎಂದು ಕೇಳಿ.