ದಿನ ಬಿಟ್ಟು ದಿನದ ತರಗತಿಯಲ್ಲಿ ಒತ್ತಕ್ಷರ: ಒಂದು ಅಭ್ಯಾಸ ಪಾಠ

2021ರ ಜನವರಿ 1ರಿಂದ 6ರಿಂದ 9ನೇ ತರಗತಿಯವರಿಗೆ ಪರಿಷ್ಕೃತ ವಿದ್ಯಾಗಮ ಶಾಲೆಯ ಆವರಣದಲ್ಲೇ ಆರಂಭವಾಯಿತು. ಧಾರವಾಡದ ಶಾಲೆಯೊಂದರಲ್ಲಿ ನನಗೆ ಸಿಕ್ಕಿದ್ದು ಆರನೆಯ ತರಗತಿ: ಪಾಲಕರ ಒಪ್ಪಿಗೆ ಪತ್ರ ತಂದ ಹನ್ನೆರಡು ಮಕ್ಕಳು, ದಿನ ಬಿಟ್ಟು ದಿನ.

ಪೂರ್ವಜ್ಞಾನ ಪರೀಕ್ಷೆಯಲ್ಲಿ ಒಬ್ಬ ಹುಡುಗ ಪದ್ಯವನ್ನು ತಡೆಯಿಲ್ಲದೆ ಓದಿದ. ನಡುಸಾಲಿಗೆ ಬೆರಳಿಟ್ಟು "ಇಲ್ಲಿಂದ ಓದು" ಎಂದೆ, ಸುಮ್ಮನಾದ. ಅದು ಓದಲ್ಲ, ಬಾಯಿಪಾಠ. ಶಾಲೆ ಮುಚ್ಚಿದಾಗಿನಿಂದ ಅಪ್ಪನ ಕಾಯಿಪಲ್ಲೆ ಗಾಡಿಯ ಹಿಂದೆ ಇದ್ದವನು. ನಲವತ್ತು ಮಕ್ಕಳ ನಡುವೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

"ಬಸ್ಸಿನ ಬೋರ್ಡು ಓದತೀಯೇನು?"

"ಹುಬ್ಬಳ್ಳಿದು ಗೊತ್ತಾಗತೈತ್ರಿ ಅಕ್ಕೋರ."

ಅಲ್ಲಿಂದಲೇ ಪಾಠ ಎತ್ತಿಕೊಂಡೆ. ಹುಬ್ಬಳ್ಳಿ, ಅಣ್ಣಿಗೇರಿ ಸಜಾತೀಯ ಒತ್ತು, ಅಳ್ನಾವರ ವಿಜಾತೀಯ. ಕಲಘಟಗಿ, ನವಲಗುಂದದಲ್ಲಿ ಒತ್ತೇ ಇಲ್ಲವೆಂದು ಮಕ್ಕಳೇ ಕಂಡುಹಿಡಿದರು. ಮಾಸ್ಕಿನೊಳಗೆ ತುಟಿ ಕಾಣದು, ಉಚ್ಚಾರ ತಿದ್ದುವುದು ಕಷ್ಟ. ಆದ್ದರಿಂದ ಹೆಸರುಗಳನ್ನು ಚಪ್ಪಾಳೆಯಲ್ಲಿ ಬಿಡಿಸಿದೆವು: ಹುಬ್–ಬಳ್–ಳಿ.

ಮನೆಗೆಲಸ ಇಷ್ಟೇ: ಶಾಲೆಯಿಲ್ಲದ ಮರುದಿನ ಒತ್ತಕ್ಷರವಿರುವ ಮೂರು ಬೋರ್ಡು ನೋಡಿ ಬರೆದು ತರುವುದು. ಆ ಹುಡುಗ ನಾಲ್ಕು ತಂದಿದ್ದ. ನಾಲ್ಕನೆಯದು ಯಾವ ಬೋರ್ಡಿನದೂ ಅಲ್ಲ, ಅವನ ಗಾಡಿಯದು: ಉಳ್ಳಾಗಡ್ಡಿ. ಎರಡೂ ಒತ್ತು ಸರಿಯಿದ್ದವು.